ಬರೆದದ್ದು ಹುಡುಕಿದವರಿಗೆ ಸಿಗಬೇಕಾದರೆ



ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನು ಬೇರೆ ಕಪಾಟಿನಲ್ಲಿಟ್ಟರೆ ಅದು ಕಳೆದುಹೋದಂತೆಯೇ. ಸಂಶೋಧನಾ ಲೇಖನಗಳ ಪಾಡೂ ಅಷ್ಟೇ. ವರ್ಷಗಟ್ಟಲೆ ದುಡಿದು ಬರೆದ ಲೇಖನ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಗಿರಬಹುದು, ಅಂತರಜಾಲದಲ್ಲೂ ಇರಬಹುದು. ಆದರೆ ಬೇಕಾದವರು ಹುಡುಕಿದಾಗ ಸಿಗದಿದ್ದರೆ ಆ ಶ್ರಮದ ಫಲ ಯಾರಿಗೂ ದಕ್ಕುವುದಿಲ್ಲ. ಮುಂದೆ ಪದವಿ ತರಗತಿಗಳಲ್ಲಿ ಇಂತಹ ಲೇಖನಗಳನ್ನು ನೀವೇ ಹುಡುಕುತ್ತೀರಿ, ಕೆಲವರು ಬರೆಯುತ್ತೀರಿ. ಅದಕ್ಕೆ ಬೇಕಾದ ಎರಡು ವಿಷಯಗಳನ್ನು ಈಗಲೇ ತಿಳಿಯೋಣ: ಮೆಟಾಡೇಟಾ ಮತ್ತು ಸೂಚಿ.

ಮೆಟಾಡೇಟಾ ಎಂದರೇನು?

ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಯ ಮೊದಲ ಪುಟದಲ್ಲಿ ನೋಂದಣಿ ಸಂಖ್ಯೆ, ವಿಷಯ ಇತ್ಯಾದಿ ತುಂಬುತ್ತೀರಿ. ಅದು ಉತ್ತರವಲ್ಲ. ಆದರೆ ಅದಿಲ್ಲದಿದ್ದರೆ ಉತ್ತರ ಯಾರದೆಂದು ಗೊತ್ತಾಗುವುದಿಲ್ಲ. ಮೆಟಾಡೇಟಾ ಎಂದರೆ ಹೀಗೆ ಮಾಹಿತಿಯನ್ನು ಗುರುತಿಸುವ ಮಾಹಿತಿ. ಲೇಖನದ ಶೀರ್ಷಿಕೆ, ಲೇಖಕರ ಹೆಸರು, ಪತ್ರಿಕೆ, ಸಂಪುಟ, ಸಂಚಿಕೆ, ಪುಟ, ವರ್ಷ, ಸಾರಾಂಶ, ಕೀವರ್ಡ್‌ಗಳು ಇವೆಲ್ಲ ಅದರಲ್ಲಿ ಸೇರುತ್ತವೆ. 1995ರಲ್ಲಿ ಅಮೆರಿಕದ ಡಬ್ಲಿನ್ ಪಟ್ಟಣದಲ್ಲಿ ನಡೆದ ಸಭೆಯಿಂದ ಹುಟ್ಟಿದ 'ಡಬ್ಲಿನ್ ಕೋರ್' ಎಂಬ ಪದ್ಧತಿ ಇಂತಹ 15 ಅಂಶಗಳನ್ನು ಗೊತ್ತುಮಾಡಿದೆ.

ಸೂಚಿ ಎಂದರೇನು?

ಈ ವಿವರಗಳನ್ನು ಕ್ರಮವಾಗಿ ಜೋಡಿಸಿ, ಯಾವ ವಿಷಯ ಎಲ್ಲಿದೆ ಎಂದು ತೋರಿಸುವುದು ಸೂಚಿ. ಮನೆಯಲ್ಲಿ ಉರ್ದು ಆಡುವವರು ಇದನ್ನೇ ಫೆಹರಿಸ್ತ್ ಎನ್ನುತ್ತಾರೆ. ಬಾಗ್ದಾದಿನ ಇಬ್ನ್ ಅಲ್-ನದೀಮ್ ಸುಮಾರು 987ರಲ್ಲಿ ತನ್ನ ಕಾಲದ ಅರಬ್ಬಿ ಪುಸ್ತಕಗಳ ದೊಡ್ಡ ಪಟ್ಟಿ ಮಾಡಿ ಅದಕ್ಕೆ ಇಟ್ಟ ಹೆಸರೂ 'ಅಲ್-ಫಿಹ್ರಿಸ್ತ್' ಎಂದೇ.

ನಮ್ಮ ಬೆಂಗಳೂರಿಗೂ ಈ ವಿದ್ಯೆಯಲ್ಲಿ ದೊಡ್ಡ ಹೆಸರಿದೆ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಮತ್ತು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ನಗರದಲ್ಲೇ ಇದ್ದರು. ಓದುಗನ ಸಮಯ ಉಳಿಸಬೇಕು ಎಂಬುದು ಗ್ರಂಥಾಲಯಗಳಿಗೆ ಅವರು ಕೊಟ್ಟ ಐದು ಸೂತ್ರಗಳಲ್ಲಿ ಒಂದು.

ಅವರ 'ಸರಪಳಿ ಸೂಚಿ' ವಿಧಾನ ಸರಳವಾದದ್ದು. ಕೊಳವೆಬಾವಿಯ ಬಗ್ಗೆ ಒಂದು ಲೇಖನವಿದೆ ಎಂದುಕೊಳ್ಳಿ. ಅದರ ಸರಪಳಿ: ಕೃಷಿ, ನೀರಾವರಿ, ಕೊಳವೆಬಾವಿ. ಕೊನೆಯ ಕೊಂಡಿಯಿಂದ ಹಿಂದಕ್ಕೆ ಬಂದರೆ ಮೂರು ನಮೂದುಗಳಾಗುತ್ತವೆ:

1. ಕೊಳವೆಬಾವಿ – ನೀರಾವರಿ – ಕೃಷಿ
2. ನೀರಾವರಿ – ಕೃಷಿ
3. ಕೃಷಿ

ಓದುಗ ಯಾವ ಪದದಿಂದ ಹುಡುಕಲು ಶುರು ಮಾಡಿದರೂ ದಾರಿ ಸಿಗುತ್ತದೆ.

ಕನ್ನಡದ ವಿಶೇಷ ತೊಂದರೆ

ಕನ್ನಡದಲ್ಲಿ ಬರೆದ ಎಷ್ಟೋ ಲೇಖನಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿವೆ. ಕಣ್ಣಿಗೆ ಕಾಣುವುದು ಕನ್ನಡ; ಆದರೆ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಅಲ್ಲಿ 'ಅಂತರ್ಜಲ' ಎಂದು ಹುಡುಕಿದರೆ ಏನೂ ಸಿಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾದ 'ವಿದ್ಯಾನಿಧಿ' ಯೋಜನೆ ಕನ್ನಡ ಮತ್ತು ಹಿಂದಿಯ ಪಿಎಚ್.ಡಿ. ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲೇ ಯೂನಿಕೋಡ್ ಬಳಸಿ ದಾಖಲಿಸಿತು. ನಮ್ಮ ಭಾಷೆಯ ಜ್ಞಾನ ನಮ್ಮ ಮಕ್ಕಳಿಗೆ ಸಿಗಬೇಕಾದರೆ ಇದೇ ದಾರಿ.

ಬರೆಯುವವರು ನೆನಪಿಡಬೇಕಾದದ್ದು

ಶೀರ್ಷಿಕೆ: 'ಬತ್ತಿದ ಒಡಲು' ಎಂಬ ಹೆಸರು ಕಥೆಗೆ ಚೆನ್ನ. ಸಂಶೋಧನಾ ಲೇಖನಕ್ಕೆ 'ಅನುಗೊಂಡನಹಳ್ಳಿ ಹೋಬಳಿಯಲ್ಲಿ ಕೊಳವೆಬಾವಿಗಳು ಮತ್ತು ಅಂತರ್ಜಲ' ಎಂದಿದ್ದರೆ ಊರು, ವಿಷಯ ಎರಡೂ ಹುಡುಕಾಟಕ್ಕೆ ಸಿಗುತ್ತವೆ.

ಹೆಸರು: ನಮ್ಮಲ್ಲಿ ಮೊಹಮ್ಮದ್, ಮಹಮ್ಮದ್, ಮುಹಮ್ಮದ್ ಎಂದು ಒಂದೇ ಹೆಸರನ್ನು ಹಲವು ಬಗೆಯಲ್ಲಿ ಬರೆಯುತ್ತೇವೆ, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಮೊದಲ ಲೇಖನದಿಂದಲೇ ಒಂದೇ ರೂಪ ಉಳಿಸಿಕೊಳ್ಳಿ. ಸಂಶೋಧಕರಿಗೆ 2012ರಿಂದ 'ಆರ್ಕಿಡ್' ಎಂಬ 16 ಅಂಕಿಗಳ ಉಚಿತ ಗುರುತಿನ ಸಂಖ್ಯೆ ಸಿಗುತ್ತಿರುವುದು ಈ ಗೊಂದಲ ತಪ್ಪಿಸುವುದಕ್ಕೇ.

ಕೀವರ್ಡ್: ಜನ ಆಡುವ ಪದವನ್ನೂ ಶಾಸ್ತ್ರದ ಪದವನ್ನೂ ಕೊಡಿ. ಕೊಳವೆಬಾವಿಯ ಜೊತೆ ಬೋರ್‌ವೆಲ್ ಇರಲಿ. ಆದರೆ ಲೇಖನದಲ್ಲಿ ಇಲ್ಲದ ವಿಷಯದ ಪದ ಸೇರಿಸಬೇಡಿ. ಅದು ಓದುಗನಿಗೆ ಮಾಡುವ ಮೋಸ.

ಡಿ.ಒ.ಐ.: ಅಂತರಜಾಲದ ವಿಳಾಸ ಬದಲಾಗಬಹುದು, ಲೇಖನದ ಡಿ.ಒ.ಐ. ಸಂಖ್ಯೆ ಬದಲಾಗದು. ಲೇಖನವನ್ನು ಉಲ್ಲೇಖಿಸುವಾಗ ಅದನ್ನು ತಪ್ಪದೆ ಬರೆಯಿರಿ.

ಚಟುವಟಿಕೆ

1. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ಪ್ರಕಟಿಸುತ್ತಿರುವ 'ರೆಸೊನೆನ್ಸ್' ಪತ್ರಿಕೆ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಪಾಠಕ್ಕೆ ಸಂಬಂಧಿಸಿದ ಒಂದು ಲೇಖನ ಆರಿಸಿ, ಅದರ ಮೆಟಾಡೇಟಾ ಬರೆದುಕೊಳ್ಳಿ.
2. ನಮ್ಮ ಈ ವಾರ್ತಾಪತ್ರದ ಹಿಂದಿನ ಒಂದು ಸಂಚಿಕೆ ತೆಗೆದುಕೊಂಡು, ಪ್ರತಿ ಬರಹಕ್ಕೂ ಶೀರ್ಷಿಕೆ, ಲೇಖಕರು, ತಿಂಗಳು, ಪುಟ ಮತ್ತು ಮೂರು ಕೀವರ್ಡ್‌ಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ.

ಎಲ್ಲರೂ ಒಂದೊಂದು ಸಂಚಿಕೆ ಹಂಚಿಕೊಂಡರೆ ನಮ್ಮ ಕಾಲೇಜಿನ ಬರಹಗಳಿಗೂ ಒಂದು ಸೂಚಿ ಸಿದ್ಧವಾಗುತ್ತದೆ. ನಿಮ್ಮ ಹಿರಿಯ ವಿದ್ಯಾರ್ಥಿಗಳು ಬರೆದದ್ದು ಮುಂದಿನ ವರ್ಷ ಬರುವವರ ಕೈಗೆ ಸಿಗುತ್ತದೆ.