ಮರಳಿನ ಮೇಲಣ ಗೆರೆಗಳು

ಸಾಬೂನಿನ ಪೊಟ್ಟಣವನ್ನೋ ಬಿಸ್ಕತ್ತಿನ ಕಟ್ಟನ್ನೋ ಕೈಗೆತ್ತಿಕೊಂಡು ತಿರುಗಿಸಿ ನೋಡಿದರೆ, ಅದರ ಒಂದು ಬದಿಯಲ್ಲಿ ದಪ್ಪ ಮತ್ತು ತೆಳು ಗೆರೆಗಳ ಸಾಲೊಂದು ಕಾಣುತ್ತದೆ. ಅದರ ಕೆಳಗೆ ಕೆಲವು ಅಂಕಿಗಳಿರುತ್ತವೆ. ಇದಕ್ಕೆ ಬಾರ್‌ಕೋಡ್ ಎಂದು ಹೆಸರು. ಕನ್ನಡದಲ್ಲಿ ಗೆರೆಸಂಕೇತ ಎನ್ನಬಹುದು. ಎಂತಹ ಪಂಡಿತನಿಗೂ ಈ ಗೆರೆಗಳನ್ನು ಸರಾಗವಾಗಿ ಓದಲು ಬಾರದು. ಇದು ಮನುಷ್ಯನ ಕಣ್ಣಿಗಾಗಿ ಬರೆದ ಬರಹವೇ ಅಲ್ಲ. ಈ ಪುಟ್ಟ ಗುರುತು ಹುಟ್ಟಿದ ಮೇಲೆ ಅಂಗಡಿಯ ಗಲ್ಲಾವನ್ನು ತಲುಪಲು ಸುಮಾರು ಇಪ್ಪತ್ತೈದು ವರ್ಷ ಕಾಯಬೇಕಾಯಿತು. ಬೆಳಕಿನ ವಿಜ್ಞಾನವೂ ಗಣಕಯಂತ್ರದ ವಿಜ್ಞಾನವೂ ಬೆಳೆದು ಬಂದು ಅದರ ಕೈಹಿಡಿಯುವವರೆಗೆ ಅದು ಬರಿಯ ಕಲ್ಪನೆಯಾಗಿಯೇ ಉಳಿದಿತ್ತು.

1948ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಡ್ರೆಕ್ಸೆಲ್ ತಾಂತ್ರಿಕ ವಿದ್ಯಾಸಂಸ್ಥೆಗೆ ದಿನಸಿ ಅಂಗಡಿಗಳ ಒಡೆತನದ ಕಂಪನಿಯೊಂದರ ಮುಖ್ಯಸ್ಥರು ಬಂದರು. ಗಲ್ಲಾದ ಬಳಿ ವಸ್ತುಗಳ ವಿವರವು ತಾನಾಗಿಯೇ ದಾಖಲಾಗುವಂತಹ ಉಪಾಯವನ್ನು ಕಂಡುಹಿಡಿದುಕೊಡಬೇಕೆಂದು ಅವರು ಅಲ್ಲಿನ ಡೀನರನ್ನು ಕೇಳಿಕೊಂಡರು. ಡೀನರು ಒಪ್ಪಲಿಲ್ಲ. ಆದರೆ ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಆತನು ಅದನ್ನು ತನ್ನ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡನಿಗೆ ತಿಳಿಸಿದನು. ಇಬ್ಬರೂ ಮೊದಲು ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಶಾಯಿಯನ್ನು ಬಳಸಿ ನೋಡಿದರು. ಶಾಯಿ ಬೇಗ ಮಾಸುತ್ತಿತ್ತು, ಖರ್ಚೂ ಹೆಚ್ಚಾಗಿತ್ತು.

ಪ್ರಯತ್ನವನ್ನು ಕೈಬಿಡಲು ಮನಸ್ಸಿಲ್ಲದ ವುಡ್‌ಲ್ಯಾಂಡ್ ವಿದ್ಯಾಸಂಸ್ಥೆಯನ್ನೇ ಬಿಟ್ಟು ಮಯಾಮಿ ಬೀಚ್‌ನಲ್ಲಿದ್ದ ತನ್ನ ತಾತನ ಮನೆಯನ್ನು ಸೇರಿದನು. ಒಂದು ದಿನ ಕಡಲ ತೀರದಲ್ಲಿ ಕುಳಿತಿದ್ದಾಗ, ಬಾಲ್ಯದಲ್ಲಿ ಸ್ಕೌಟ್ ಆಗಿ ಕಲಿತಿದ್ದ ಮೋರ್ಸ್ ಸಂಕೇತವು ಆತನ ನೆನಪಿಗೆ ಬಂದಿತು. ಚುಕ್ಕೆ ಮತ್ತು ಅಡ್ಡಗೆರೆ ಎಂಬ ಎರಡೇ ಗುರುತುಗಳಿಂದ ಯಾವ ಮಾತನ್ನಾದರೂ ತಂತಿಯ ಮೂಲಕ ಕಳುಹಿಸುವ ಭಾಷೆ ಅದು. ಆತನು ನಾಲ್ಕು ಬೆರಳುಗಳನ್ನು ಮರಳಿಗೆ ಊರಿ, ಹಾಗೆಯೇ ತನ್ನ ಕಡೆಗೆ ಎಳೆದುಕೊಂಡನು. ಮರಳಿನ ಮೇಲೆ ನಾಲ್ಕು ಗೆರೆಗಳು ಮೂಡಿದವು. ಚುಕ್ಕೆಗೂ ಅಡ್ಡಗೆರೆಗೂ ಬದಲಾಗಿ ತೆಳು ಗೆರೆಯನ್ನೂ ದಪ್ಪ ಗೆರೆಯನ್ನೂ ಏಕೆ ಬಳಸಬಾರದು? ಈ ಪ್ರಶ್ನೆಯೇ ಸಂಶೋಧನೆಯ ಬೀಜವಾಯಿತು. ಯಾವ ದಿಕ್ಕಿನಿಂದ ನೋಡಿದರೂ ಓದಲು ಬರಲೆಂದು ಆತನು ಅದೇ ಗೆರೆಗಳನ್ನು ಒಂದರೊಳಗೊಂದಿರುವ ವೃತ್ತಗಳನ್ನಾಗಿಯೂ ಬಾಗಿಸಿದನು. 1949ರಲ್ಲಿ ಗೆಳೆಯರಿಬ್ಬರೂ ಪೇಟೆಂಟಿಗೆ ಅರ್ಜಿ ಹಾಕಿದರು. 1952ರ ಅಕ್ಟೋಬರ್ 7ರಂದು ಅದು ಮಂಜೂರಾಯಿತು.

ಗೆರೆಗಳೇನೋ ಸಿದ್ಧವಾದವು. ಆದರೆ ಓದುವವರಾರು? ಅವರು ಕಟ್ಟಿದ ಮೊದಲ ಯಂತ್ರವು ಮೇಜಿನಷ್ಟು ದೊಡ್ಡದಾಗಿತ್ತು. ಹೊರಗಿನ ಬೆಳಕು ನುಸುಳದಂತೆ ಅದಕ್ಕೆ ಕರಿಯ ಎಣ್ಣೆಬಟ್ಟೆಯನ್ನು ಸುತ್ತಿದ್ದರು. ಒಳಗೆ 500 ವಾಟ್ ಶಕ್ತಿಯ ವಿದ್ಯುದ್ದೀಪ, ಬೆಳಕಿನ ಏರಿಳಿತವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುವ ಒಂದು ನಳಿಗೆ. ಯಂತ್ರವು ಗೆರೆಗಳನ್ನು ಗುರುತಿಸಿತು, ನಿಜ. ಆದರೆ ದೀಪದ ಕಾವಿಗೆ ಗೆರೆ ಬರೆದ ಕಾಗದವೇ ಹೊಗೆಯಾಡತೊಡಗಿತು! ಇನ್ನು ಗಣಕಯಂತ್ರದ ಮಾತು. ಅದೇ ಫಿಲಡೆಲ್ಫಿಯಾ ನಗರದಲ್ಲಿ 1946ರಲ್ಲಿ ಲೋಕಾರ್ಪಣೆಯಾಗಿದ್ದ ಎನಿಯಾಕ್ ಎಂಬ ಗಣಕಯಂತ್ರದ ತೂಕ ಸುಮಾರು 30 ಟನ್; ಅದರಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಅಂತಹ ಯಂತ್ರವನ್ನು ದಿನಸಿ ಅಂಗಡಿಯಲ್ಲಿ ಇರಿಸುವುದಾದರೆ ದಿನಸಿಯನ್ನು ಬೀದಿಯಲ್ಲಿ ಇಡಬೇಕಾಗುತ್ತಿತ್ತು. ಕೊನೆಗೆ ಗೆಳೆಯರು ತಮ್ಮ ಹಕ್ಕನ್ನು 15,000 ಡಾಲರುಗಳಿಗೆ ಮಾರಿಬಿಟ್ಟರು.

1960ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿಯು ಕೆಂಪು ಮಾಣಿಕ್ಯದ ಹರಳಿನಿಂದ ಮೊತ್ತಮೊದಲ ಲೇಸರ್ ಕಿರಣವನ್ನು ಹೊರಡಿಸಿದನು. ಅದೇ ವರ್ಷದ ಕೊನೆಯಲ್ಲಿ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಹೀಲಿಯಂ ಮತ್ತು ನಿಯಾನ್ ಅನಿಲಗಳ ಮಿಶ್ರಣದಿಂದ ಎಡೆಬಿಡದೆ ಹರಿಯುವ ಲೇಸರನ್ನು ರಚಿಸಿದರು. ಸಾಮಾನ್ಯ ದೀಪದ ಬೆಳಕು ಎಲ್ಲ ಕಡೆಗೂ ಚೆದರುತ್ತದೆ. ಅದರಲ್ಲಿ ಹಲವು ಬಣ್ಣಗಳು ಬೆರೆತಿರುತ್ತವೆ. ಲೇಸರ್ ಕಿರಣವಾದರೋ ಒಂದೇ ಬಣ್ಣದ್ದು, ಸೂಜಿಯಂತೆ ನೇರವಾಗಿ ಸಾಗುವಂಥದು. 500 ವಾಟ್ ದೀಪವು ಕಾಗದವನ್ನು ಸುಟ್ಟು ಮಾಡುತ್ತಿದ್ದ ಕೆಲಸವನ್ನು ವಾಟಿನ ಸಾವಿರದ ಒಂದು ಪಾಲಿನಷ್ಟು ಶಕ್ತಿಯ ಲೇಸರ್ ತಣ್ಣಗೆ ಮಾಡಬಲ್ಲುದಾಯಿತು. ಸಿಲ್ವರ್ ಇದರ ಫಲವನ್ನು ಕಾಣಲಿಲ್ಲ. 1963ರಲ್ಲಿ, ಇನ್ನೂ 38ರ ಪ್ರಾಯದಲ್ಲಿಯೇ, ಆತನು ತೀರಿಕೊಂಡನು. 1969ರಲ್ಲಿ ಪೇಟೆಂಟಿನ ಅವಧಿಯೂ ಮುಗಿಯಿತು.

1972ರಲ್ಲಿ ಸಿನ್ಸಿನಾಟಿಯ ಒಂದು ಅಂಗಡಿಯಲ್ಲಿ ವೃತ್ತಾಕಾರದ ಸಂಕೇತವನ್ನು ಪರೀಕ್ಷಿಸಿದಾಗ, ಅಚ್ಚಿನ ಶಾಯಿ ಹರಡಿ ವೃತ್ತಗಳು ಕದಡಿಹೋಗುವ ತೊಂದರೆ ಕಂಡುಬಂದಿತು. ವುಡ್‌ಲ್ಯಾಂಡ್ ಆ ವೇಳೆಗೆ ಸೇರಿದ್ದ ಐಬಿಎಂ ಸಂಸ್ಥೆಯ ಜಾರ್ಜ್ ಲಾರರ್ ಎಂಬ ಎಂಜಿನಿಯರನು ಮತ್ತೆ ನೇರ ಗೆರೆಗಳಿಗೇ ಮರಳಿದನು. ಗೆರೆಯ ಉದ್ದಕ್ಕೂ ಶಾಯಿ ಹರಡಿದರೆ ಗೆರೆ ಉದ್ದವಾಗುತ್ತದೆಯೇ ಹೊರತು ಕೆಡುವುದಿಲ್ಲ. 12 ಅಂಕಿಗಳ ಆ ಸಂಕೇತವನ್ನು 1973ರ ಏಪ್ರಿಲ್‌ನಲ್ಲಿ ಅಮೆರಿಕದ ದಿನಸಿ ವ್ಯಾಪಾರಿಗಳು ಒಪ್ಪಿಕೊಂಡರು. 1974ರ ಜೂನ್ 26ರ ಬೆಳಿಗ್ಗೆ, ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಒಂದು ಕಟ್ಟು ಲೇಸರಿನ ಮೇಲೆ ಹಾಯಿತು. ಅದರ ಬೆಲೆ 67 ಸೆಂಟುಗಳು.

ಅಲ್ಲಿ ನಡೆದುದಿಷ್ಟೆ: ಕಿರಣವು ಗೆರೆಗಳ ಮೇಲೆ ಹಾಯುವಾಗ ಕಪ್ಪು ಭಾಗವು ಬೆಳಕನ್ನು ಹೀರಿತು, ಬಿಳಿಯ ಭಾಗವು ಹಿಂದಿರುಗಿಸಿತು. ಹಿಂದಿರುಗಿದ ಬೆಳಕು ವಿದ್ಯುತ್ತಿನ ಮಿಡಿತವಾಯಿತು, ಮಿಡಿತವು ಅಂಕಿಗಳಾಯಿತು. ಗೆರೆಗಳಲ್ಲಿ ಬೆಲೆ ಬರೆದಿರುತ್ತದೆಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಗೆರೆಗಳಲ್ಲಿರುವುದು ವಸ್ತುವಿನ ಸಂಖ್ಯೆ ಮಾತ್ರ. ಆ ಸಂಖ್ಯೆಯ ಮುಂದೆ ಎಷ್ಟು ಬೆಲೆಯೆಂಬುದನ್ನು ಅಂಗಡಿಯ ಗಣಕಯಂತ್ರವು ತನ್ನ ಪಟ್ಟಿಯಿಂದ ಹುಡುಕಿ ಹೇಳುತ್ತದೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು 13 ಅಂಕಿಗಳ ಸಂಕೇತ. ಭಾರತದಲ್ಲಿ ನೋಂದಣಿಯಾದ ಸಂಖ್ಯೆಗಳು 890 ಎಂದು ಆರಂಭವಾಗುತ್ತವೆ. ಕೊನೆಯ ಅಂಕಿಯು ಕಾವಲುಗಾರನಿದ್ದಂತೆ. ಎಡದಿಂದ ಎಣಿಸಿ ಎರಡನೆಯ, ನಾಲ್ಕನೆಯ, ಆರನೆಯ, ಹೀಗೆ ಸಮಸ್ಥಾನಗಳ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಿ, ಅದಕ್ಕೆ ಉಳಿದೆಲ್ಲ ಅಂಕಿಗಳನ್ನು ಸೇರಿಸಿದರೆ, ಮೊತ್ತವು ಹತ್ತರಿಂದ ಪೂರ್ತಿಯಾಗಿ ಭಾಗವಾಗಬೇಕು. ಯಂತ್ರವು ಒಂದು ಅಂಕಿಯನ್ನು ತಪ್ಪಾಗಿ ಓದಿದರೂ ಲೆಕ್ಕ ಕೂಡಿಬರುವುದಿಲ್ಲ. ಮನೆಯಲ್ಲಿರುವ ಯಾವ ಪೊಟ್ಟಣದ ಮೇಲಾದರೂ ಇದನ್ನು ಪರೀಕ್ಷಿಸಿ ನೋಡಬಹುದು.

ಕೊಳ್ಳುವವರು ಇದನ್ನು ಕೂಡಲೇ ಸ್ವಾಗತಿಸಲಿಲ್ಲ. ವಸ್ತುವಿನ ಮೇಲೆ ಬೆಲೆಯ ಚೀಟಿ ಇಲ್ಲದಿದ್ದರೆ ಅಂಗಡಿಯವನು ಎಷ್ಟು ಕೇಳಿದರೆ ಅಷ್ಟೇ ಎಂಬ ಅಳುಕು ಅಮೆರಿಕದಲ್ಲಿ ಹಬ್ಬಿತು. ಪ್ರತಿ ವಸ್ತುವಿನ ಮೇಲೂ ಬೆಲೆ ನಮೂದಿಸಬೇಕೆಂದು ಕೆಲವು ರಾಜ್ಯಗಳು ಕಾನೂನನ್ನೇ ಮಾಡಿದವು. ಆ ಅಳುಕು ಬುಡವಿಲ್ಲದ್ದೇನೂ ಆಗಿರಲಿಲ್ಲ; ಆದರೆ ನಿಜವಾದ ಬದಲಾವಣೆ ಬೇರೊಂದು ಕಡೆಯಿಂದ ಬಂದಿತು. ಏನು ಮಾರಾಟವಾಯಿತು, ಯಾವಾಗ, ಯಾವುದರ ಜೊತೆಗೆ ಎಂಬ ಲೆಕ್ಕವು ದಿನದಿನವೂ ಗಣಕಯಂತ್ರದಲ್ಲಿ ರಾಶಿಬೀಳತೊಡಗಿತು. 1993ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ, ಭಾರತದಲ್ಲಿ ಹುಟ್ಟಿದ ರಾಕೇಶ್ ಅಗರ್‌ವಾಲ್ ಮತ್ತು ಅವರ ಜೊತೆಗಾರರು ಈ ರಾಶಿಯನ್ನು ಸೋಸುವ ಬಗೆಯನ್ನು ತೋರಿಸಿಕೊಟ್ಟರು. ರೊಟ್ಟಿಯನ್ನೂ ಬೆಣ್ಣೆಯನ್ನೂ ಕೊಂಡವರಲ್ಲಿ ಎಷ್ಟು ಮಂದಿ ಹಾಲನ್ನೂ ಕೊಳ್ಳುತ್ತಾರೆ ಎಂಬಂತಹ ನಿಯಮಗಳನ್ನು ಲಕ್ಷಾಂತರ ರಸೀತಿಗಳಿಂದ ಹೆಕ್ಕಿ ತೆಗೆಯುವ ವಿಧಾನ ಅದು. ಮುಂದೆ ದೊಡ್ಡ ಅಂಗಡಿಗಳು ಗ್ರಾಹಕರಿಗೆ ಸದಸ್ಯತ್ವದ ಕಾರ್ಡುಗಳನ್ನು ಹಂಚಿದವು. ಮೊದಲು ವಸ್ತುವಿಗೆ ಸಂಖ್ಯೆ ಬಂದಿತ್ತು. ಈಗ ಕೊಳ್ಳುವವನಿಗೂ ಬಂದಿತು.

ಅಂತರಜಾಲದ ವ್ಯಾಪಾರದಲ್ಲಿ ಗೆರೆಗಳೂ ಬೇಡ, ಲೇಸರೂ ಬೇಡ. 1995ರಲ್ಲಿ ಅಂತರಜಾಲದಲ್ಲಿ ಪುಸ್ತಕ ಮಾರಲು ತೊಡಗಿದ ಅಮೆಜಾನ್ ಸಂಸ್ಥೆಯು, ಒಂದು ಪುಸ್ತಕವನ್ನು ಕೊಂಡವರು ಇನ್ನಾವುದನ್ನು ಕೊಂಡರೆಂಬುದನ್ನು ಆಧರಿಸಿ ಸಲಹೆ ನೀಡುವ ವಿಧಾನವನ್ನು ಬೆಳೆಸಿತು. ಗಲ್ಲಾದ ಲೇಸರಿಗೆ ಕಾಣುತ್ತಿದ್ದುದು ಕೊಂಡ ವಸ್ತು ಮಾತ್ರ. ಅಂತರಜಾಲದ ಅಂಗಡಿಗೆ ನೋಡಿ ಬಿಟ್ಟದ್ದೂ ಕಾಣುತ್ತದೆ. ಬುಟ್ಟಿಗೆ ಹಾಕಿ ಮತ್ತೆ ತೆಗೆದದ್ದೂ ಕಾಣುತ್ತದೆ. ಊರಿನ ಶೆಟ್ಟರ ಅಂಗಡಿಯಲ್ಲಿಯೂ ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಕೈ ಬಿಗಿಯಾಗಿದೆ ಎಂಬುದು ತಿಳಿಯುತ್ತಿತ್ತು. ಆದರೆ ಶೆಟ್ಟರ ಮನೆಯ ವಿಚಾರ ಊರಿನವರಿಗೂ ಅಷ್ಟೇ ತಿಳಿದಿರುತ್ತಿತ್ತು. ಯಂತ್ರದೊಡನೆ ಇಂತಹ ಕೊಡುಕೊಳ್ಳುವಿಕೆ ಇಲ್ಲ.

ತನ್ನ ವಿವರಗಳ ಮೇಲೆ ಮನುಷ್ಯನಿಗೆ ಎಷ್ಟು ಅಧಿಕಾರವಿದೆ ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ತೀರ್ಪಿತ್ತಿತು. ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯ್ದೆಯೊಂದರಲ್ಲಿ, ತನ್ನ ಬಗೆಗೆ ಏನನ್ನು ಸಂಗ್ರಹಿಸಿಟ್ಟಿದ್ದೀರಿ ಎಂದು ಕೇಳುವ ಅವಕಾಶವನ್ನು ಕೊಳ್ಳುವವನಿಗೂ ಕಲ್ಪಿಸಲಾಗಿದೆ.