ಮನೆಯಂಗಳದ ಬಡಗಿ ಕಾರ್ಯಾಗಾರ: ಮೊದಲು ಕೊಳ್ಳಬೇಕಾದುದು, ಕಾದು ಕೊಳ್ಳಬೇಕಾದುದು

ಬಡಗಿ ಕೆಲಸ ಮಾಡುವ ಕುಟುಂಬವೊಂದು ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಸಂದರ್ಭಗಳು ಮುಖ್ಯವಾಗಿ ಎರಡು. ಪಿ.ಎಂ. ವಿಶ್ವಕರ್ಮ ಯೋಜನೆಯ ಅರ್ಜಿಯನ್ನು ಅಧ್ಯಕ್ಷರು ಪರಿಶೀಲಿಸಬೇಕಾದಾಗ ಒಮ್ಮೆ. ಸಾಲದಲ್ಲಿ ಯಂತ್ರ ತಂದ ನಂತರ ಕೆಲಸ ಸಾಲದೆ, ಕಂತು ಕಟ್ಟಲಾಗದೆ ದಾರಿ ಕೇಳಬೇಕಾದಾಗ ಇನ್ನೊಮ್ಮೆ. ಎರಡನೆಯ ಭೇಟಿ ಒದಗದಂತೆ ಮೊದಲನೆಯ ಭೇಟಿಯಲ್ಲಿಯೇ ಸದಸ್ಯರು ಏನನ್ನು ವಿಚಾರಿಸಬಹುದು, ಏನು ಸಲಹೆ ನೀಡಬಹುದು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ಬಡಗಿ ವೃತ್ತಿಯೂ ಒಂದು. ಐದರಿಂದ ಏಳು ದಿನಗಳ ಮೂಲ ತರಬೇತಿ, ತರಬೇತಿಯ ಅವಧಿಗೆ ದಿನಕ್ಕೆ 500 ರೂ. ಭತ್ಯೆ, ಉಪಕರಣಗಳಿಗೆ 15,000 ರೂ. ವರೆಗಿನ ನೆರವು, ಅನಂತರ ಶೇ. 5ರ ಬಡ್ಡಿಯಲ್ಲಿ ಮೊದಲ ಹಂತವಾಗಿ 1 ಲಕ್ಷ ರೂ. ವರೆಗಿನ ಜಾಮೀನುರಹಿತ ಸಾಲ ಇದರಲ್ಲಿ ಸೇರಿವೆ. ಮೊದಲ ಹಂತದ ಸಾಲವನ್ನು 18 ತಿಂಗಳಲ್ಲಿ ತೀರಿಸಬೇಕು. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಕೈಯಿಂದ ಮತ್ತು ಉಪಕರಣಗಳಿಂದ ಸ್ವಂತವಾಗಿ ಕಸುಬು ನಡೆಸುತ್ತಿರಬೇಕು. ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳನ್ನು ಒಂದು ಕುಟುಂಬವೆಂದು ಪರಿಗಣಿಸಿ, ಒಬ್ಬರಿಗೆ ಮಾತ್ರ ಅವಕಾಶ ನೀಡಲಾಗುತ್ತದೆ. ಸರ್ಕಾರಿ ಸೇವೆಯಲ್ಲಿರುವವರು ಮತ್ತು ಅವರ ಕುಟುಂಬದವರು ಅರ್ಹರಲ್ಲ. ಅರ್ಜಿಯ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯ ಮುಖ್ಯಸ್ಥರದು. ಊರಿನಲ್ಲಿ ಯಾರು ನಿಜವಾಗಿ ಉಳಿ ಹಿಡಿದವರು, ಯಾರು ಉಪಕರಣದ ಪೆಟ್ಟಿಗೆಗಾಗಿ ಮಾತ್ರ ಹೆಸರು ಬರೆಸಿದವರು ಎಂಬುದು ಜಿಲ್ಲಾ ಸಮಿತಿಗಿಂತ ವಾರ್ಡಿನ ಸದಸ್ಯರಿಗೇ ಚೆನ್ನಾಗಿ ತಿಳಿದಿರುತ್ತದೆ.

ಸಾಲದ ಲೆಕ್ಕವನ್ನು ಸದಸ್ಯರು ಒಮ್ಮೆ ಅರ್ಜಿದಾರರ ಎದುರಿನಲ್ಲಿಯೇ ಮಾಡಿ ತೋರಿಸುವುದು ಒಳ್ಳೆಯದು. 1 ಲಕ್ಷ ರೂ. ಸಾಲವನ್ನು ಶೇ. 5ರ ಬಡ್ಡಿಯಲ್ಲಿ 18 ಸಮ ಕಂತುಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 5,780 ರೂ. ಬೇಕು. 30,000 ರೂ. ಸಾಲಕ್ಕಾದರೆ ಕಂತು ಸುಮಾರು 1,735 ರೂ. ಮಾತ್ರ. ಒಟ್ಟು ಬಡ್ಡಿ ಅಲ್ಪವೇ, ಹೊರೆಯಾಗುವುದು ಅಸಲು. ಒಂದು ಲಕ್ಷ ಎಂಬುದು ಮಿತಿಯೇ ಹೊರತು ಅಷ್ಟನ್ನೂ ಪಡೆಯಲೇಬೇಕೆಂಬ ನಿಯಮವಿಲ್ಲ. ಈ ಒಂದು ಮಾತು ಅನೇಕ ಮನೆಗಳಿಗೆ ತಲುಪಿರುವುದಿಲ್ಲ.

ಸ್ಥಳ

ಹೊಸ ಕಟ್ಟಡದ ಅಗತ್ಯವಿಲ್ಲ. ಟ್ರ್ಯಾಕ್ಟರ್ ಅಥವಾ ಕಾರು ನಿಲ್ಲಿಸುವ ಷೆಡ್ಡು, ದನ ಮಾರಿದ ಮೇಲೆ ಖಾಲಿ ಬಿದ್ದಿರುವ ಕೊಟ್ಟಿಗೆ, ಮನೆಯ ಹಿಂಬದಿಯ ಪಡಸಾಲೆ ಇವುಗಳಲ್ಲಿ ಯಾವುದಾದರೂ ಸಾಕು. ಚನ್ನಪಟ್ಟಣದ ಆಟಿಕೆ ಕುಶಲಕರ್ಮಿಗಳಲ್ಲಿ ಹಲವರು ಮನೆಯ ಒಂದು ಕೋಣೆಯಲ್ಲಿಯೇ ಕಡೆಯುವ ಯಂತ್ರವಿಟ್ಟು ಜೀವನ ಸಾಗಿಸುತ್ತ ಬಂದಿದ್ದಾರೆ. ಬಾಗಿಲು, ಕಿಟಕಿ ಮಾಡುವವರಿಗೆ ಸ್ವಲ್ಪ ಹೆಚ್ಚು ಉದ್ದ ಬೇಕಾಗುತ್ತದೆ. ಏಳು ಅಡಿಯ ಬಾಗಿಲ ಪಟ್ಟಿಯನ್ನು ಗರಗಸದ ಮುಂದಕ್ಕೂ ಹಿಂದಕ್ಕೂ ಸರಿಸಲು ಹದಿನಾಲ್ಕು ಅಡಿಗಿಂತ ಹೆಚ್ಚಿನ ನೇರ ಜಾಗ ಬೇಕು. ಹತ್ತು ಅಡಿಗೆ ಹನ್ನೆರಡು ಅಡಿಯ ಕೊಟ್ಟಿಗೆಯಾಗಿದ್ದರೆ, ಬಾಗಿಲಿಗೆ ನೇರವಾಗಿ ಕೆಲಸದ ಮೇಜು ಹಾಕಿ, ಉದ್ದದ ತುಂಡು ಅಂಗಳಕ್ಕೆ ಚಾಚುವಂತೆ ಮಾಡಿಕೊಳ್ಳಬಹುದು.

ಕೊಟ್ಟಿಗೆಯ ದೋಷವೆಂದರೆ ತೇವ ಮತ್ತು ಗೆದ್ದಲು. ಮರವನ್ನು ನೆಲಕ್ಕೆ ತಾಗಿಸದೆ, ಗೋಡೆಗೂ ಒರಗಿಸದೆ, ಇಟ್ಟಿಗೆಯ ಮೇಲೆ ಅಡ್ಡಪಟ್ಟಿ ಇಟ್ಟು ಜೋಡಿಸಬೇಕು. ಮಣ್ಣಿನ ನೆಲವಾದರೆ ಕೆಲಸಗಾರರು ನಿಲ್ಲುವಷ್ಟು ಭಾಗಕ್ಕಾದರೂ ಕಲ್ಲುಚಪ್ಪಡಿ ಹಾಸಿಸುವುದು ಲೇಸು.

ಮೊದಲ ಖರ್ಚು ಯಂತ್ರವಲ್ಲ

ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಹಣ ಕೈಗೆ ಬಂದೊಡನೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ವಿದ್ಯುತ್ ಗರಗಸ ಮತ್ತು ವಿದ್ಯುತ್ ಉಜ್ಜುಗೊರಡು. ಆದರೆ ಅಲುಗಾಡದ ಮೇಜಿಲ್ಲದೆ ಇವೆರಡೂ ನೇರವಾಗಿ ಕೆಲಸ ಮಾಡಲಾರವು. ನೆಲದ ಮೇಲೆ ಕುಳಿತು ಕಾಲಿನಿಂದ ತುಂಡನ್ನು ಒತ್ತಿಹಿಡಿದು ಉಳಿಯಿಂದ ಕೆತ್ತುವುದು ನಮ್ಮ ನಾಡಿನ ಹಳೆಯ ರೂಢಿ. ಅದಕ್ಕೆ ಅದರದೇ ಆದ ಜಾಣ್ಮೆಯಿದೆ. ಆದರೆ ತಿರುಗುವ ಗರಗಸವನ್ನು ಕಾಲಬೆರಳಿನ ಪಕ್ಕದಲ್ಲಿ ನಡೆಸುವುದಕ್ಕೆ ಆ ರೂಢಿಯನ್ನು ವಿಸ್ತರಿಸಬಾರದು.

ಮೇಜನ್ನು ಕೊಳ್ಳಬೇಕಾಗಿಲ್ಲ, ಮಾಡಿಕೊಳ್ಳಬೇಕು. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಂಗುಲ ದಪ್ಪದ ಮೇಲ್ಹಲಗೆ. ನಾಲ್ಕು ಅಂಗುಲಕ್ಕೆ ಮೂರು ಅಂಗುಲದ, ಎರಡೂವರೆ ಅಡಿಯ ನಾಲ್ಕು ಕಾಲುಗಳು. ನಾಲ್ಕಕ್ಕೆ ಎರಡು ಅಂಗುಲದ ಅಡ್ಡಪಟ್ಟಿಗಳು. ಇವಿಷ್ಟಕ್ಕೂ ಸುಮಾರು 3.2 ಘನ ಅಡಿ ಮರ ಸಾಕು. ಕತ್ತರಿಸುವಾಗ ಹೋಗುವ ಪಾಲನ್ನು ಸೇರಿಸಿ 3.6 ಘನ ಅಡಿ ಎಂದಿಟ್ಟುಕೊಳ್ಳಬಹುದು. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಜಂತೆಗಳು ಇದಕ್ಕೆ ಅತ್ಯುತ್ತಮ: ಚೆನ್ನಾಗಿ ಒಣಗಿರುತ್ತವೆ, ಅಗ್ಗವೂ ಹೌದು. ಒಳಗೆ ಉಳಿದ ಮೊಳೆಗಳನ್ನು ಮಾತ್ರ ಹುಡುಕಿ ತೆಗೆಯಬೇಕು. ಒಂದು ಮೊಳೆ ಗರಗಸದ ಹಲ್ಲನ್ನೇ ಹಾರಿಸುತ್ತದೆ. ಇಂತಹ ಮೇಜು ಐವತ್ತು ಕಿಲೋ ಮೀರಿ ತೂಗುತ್ತದೆ. ಆ ತೂಕವೇ ಅದರ ಗುಣ. ಎತ್ತರಕ್ಕೆ ಒಂದು ಸರಳ ಅಳತೆಯಿದೆ: ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಅಂಗೈಯನ್ನು ಚಪ್ಪಟೆಯಾಗಿ ಊರುವಷ್ಟು ಎತ್ತರವಿರಬೇಕು. ಉಜ್ಜುಗೊರಡು ತಳ್ಳುವಾಗ ಬೆನ್ನು ಬಾಗುವುದು ಇದರಿಂದ ಕಡಿಮೆಯಾಗುತ್ತದೆ.

ಮೇಜಿನ ನಂತರ ಕೈ ಉಪಕರಣಗಳು. ಅಳತೆಪಟ್ಟಿ, ಮೂಲೆಮಟ್ಟ, ಒಂದು ಒಳ್ಳೆಯ ಕೈಗರಗಸ, ಕಾಲು ಅಂಗುಲದಿಂದ ಒಂದು ಅಂಗುಲದವರೆಗಿನ ನಾಲ್ಕು ಉಳಿಗಳು, ಉಜ್ಜುಗೊರಡು, ಸುತ್ತಿಗೆ, ಸಾಣೆಕಲ್ಲು. ಕೊಡತಿಯನ್ನು ಗಟ್ಟಿ ಮರದ ತುಂಡಿನಿಂದ ತಾವೇ ಮಾಡಿಕೊಳ್ಳಬಹುದು. ಇವೆಲ್ಲವೂ ಸುಮಾರು 4,000 ರೂ. ಒಳಗೆ ಬರುತ್ತವೆ. ತಾತನ ಕಾಲದ ಉಳಿಗಳು ಅಟ್ಟದ ಮೇಲಿದ್ದರೆ ಮೊದಲು ಅವನ್ನು ಇಳಿಸಿ ನೋಡಬೇಕು. ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಆ ಉಕ್ಕು ಇಂದಿನ ಅಗ್ಗದ ಉಳಿಗಿಂತ ಎಷ್ಟೋ ವಾಸಿ. ಮೂಲೆಮಟ್ಟವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ನೇರ ಅಂಚಿನ ಹಲಗೆಗೆ ಅದನ್ನು ತಾಗಿಸಿ ಒಂದು ಗೆರೆ ಎಳೆದು, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡೂ ಗೆರೆಗಳು ಒಂದಾದರೆ ಮಟ್ಟ ಸರಿಯಿದೆ. ಬೇರೆಯಾಗುತ್ತ ಹೋದರೆ ಅಂಗಡಿಯಲ್ಲಿಯೇ ಬಿಟ್ಟು ಬರಬೇಕು.

ಹರಿತಗೊಳಿಸುವ ಕೆಲಸಕ್ಕೂ ದುಬಾರಿ ಸಾಧನ ಬೇಡ. ಗಾಜಿನ ಅಂಗಡಿಯಲ್ಲಿ ಉಳಿದ ದಪ್ಪ ಗಾಜಿನ ತುಂಡಿನ ಮೇಲೆ 400, 800, 1200, 2000 ಸಂಖ್ಯೆಯ ನೀರುಕಾಗದಗಳನ್ನು ಕ್ರಮವಾಗಿ ಇಟ್ಟು, ಉಳಿಯ ಬಾಯನ್ನು ಸುಮಾರು 25 ರಿಂದ 30 ಡಿಗ್ರಿ ಕೋನದಲ್ಲಿ ಉಜ್ಜಿದರೆ ಸಾಕು. ಉಳಿಯ ಬೆನ್ನಿನ ಭಾಗವನ್ನೂ ಸಮತಟ್ಟಾಗಿ ಉಜ್ಜಬೇಕೆಂಬುದನ್ನು ಹಲವರು ಮರೆಯುತ್ತಾರೆ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಹೆಚ್ಚು ಬಲ ಹಾಕಿದಾಗ ಅದು ಜಾರುತ್ತದೆ. ಕೈಗೆ ಆಗುವ ಗಾಯಗಳಲ್ಲಿ ಅನೇಕವು ಹೀಗೆ ಮೊಂಡು ಉಪಕರಣದಿಂದ ಆದವು.

ಬಳಿಕ ಕ್ಲಾಂಪುಗಳು, ಕನಿಷ್ಠ ಆರು. ಸುಮಾರು 2,000 ರೂ. ಅಂಟು ಹಾಕಿದ ಸಂಧಿಯನ್ನು ಒಣಗುವವರೆಗೆ ಹಿಡಿದಿಡುವ ಇವಿಲ್ಲದೆ ಮೇಜು, ಕುರ್ಚಿ ಮೂಲೆಗೆ ನಿಲ್ಲುವುದಿಲ್ಲ. ಚೌಕಟ್ಟು ಮೂಲೆಗಿದೆಯೇ ಎಂದು ನೋಡಲು ಎರಡೂ ಕರ್ಣಗಳನ್ನು ಅಳೆದರಾಯಿತು, ಅವು ಸಮನಾಗಿರಬೇಕು.

ಯಂತ್ರಗಳಲ್ಲಿ ಮೊದಲು ಕೈ ಡ್ರಿಲ್, ಸುಮಾರು 2,500 ರೂ. ಎರಡನೆಯದು ಏಳು ಅಂಗುಲದ ವೃತ್ತಾಕಾರದ ಕೈಗರಗಸ. ಸಾಧಾರಣವಾದುದು 4,500 ರೂ. ಆಸುಪಾಸಿನಲ್ಲಿ ಸಿಗುತ್ತದೆ. ಬೆಲೆಗಳು ಊರಿಂದ ಊರಿಗೆ ಬದಲಾಗುತ್ತವೆ. ಅನುಕ್ರಮವನ್ನು ಮಾತ್ರ ಬದಲಿಸಬಾರದು. ವಿದ್ಯುತ್ ಉಜ್ಜುಗೊರಡು, ಅಂಚು ಕೊರೆಯುವ ರೂಟರ್, ಮೇಜು ಗರಗಸ ಇವು ಒಂದೇ ಬಗೆಯ ಕೆಲಸ ಮತ್ತೆ ಮತ್ತೆ ಬರತೊಡಗಿದ ಮೇಲಿನ ಮಾತು. ತಿಂಗಳಿಗೆ ಒಂದು ಬಾಗಿಲು ಮಾಡುವವರು ಉಜ್ಜುವ ಕೆಲಸವನ್ನು ತಾಲ್ಲೂಕು ಕೇಂದ್ರದ ಮರದ ಮಿಲ್ಲಿನಲ್ಲಿ ಕೂಲಿ ಕೊಟ್ಟು ಮಾಡಿಸಿಕೊಳ್ಳುವುದೇ ಅಗ್ಗ.

ಒಂದು ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕಬ್ಬಿಣ ಉಜ್ಜುವ ನಾಲ್ಕು ಅಂಗುಲದ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಜೋಡಿಸಿ ಗರಗಸದಂತೆ ಬಳಸುವುದು ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ಆ ಯಂತ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಮರದ ಮೇಲೆ ಕೂರುವ ತಳಪಟ್ಟಿಯಾಗಲಿ, ತಾನಾಗಿ ಮುಚ್ಚಿಕೊಳ್ಳುವ ಕವಚವಾಗಲಿ ಅದಕ್ಕಿಲ್ಲ. ಹಲ್ಲು ಸಿಕ್ಕಿಕೊಂಡ ಕ್ಷಣದಲ್ಲಿ ಅದು ಕೈಯಿಂದ ಜಿಗಿದು ತೊಡೆಗೋ ಕುತ್ತಿಗೆಗೋ ಬರುತ್ತದೆ. ಎರಡು ಸಾವಿರ ಉಳಿಸಲು ಹೋಗಿ ಕೈ ಕಳೆದುಕೊಂಡವರಿಗೆ ಯಾವ ಯೋಜನೆಯೂ ಕೈಯನ್ನು ಮರಳಿಸಲಾರದು. ತಿರುಗುವ ಯಂತ್ರದ ಬಳಿ ಲುಂಗಿ, ಹೆಗಲ ವಲ್ಲಿ, ಸಡಿಲ ತೋಳು, ಇಳಿಬಿದ್ದ ಸೆರಗು ಇರಕೂಡದು. ಕೈಗವಸೂ ಕೂಡದು, ಅದು ಬೆರಳನ್ನೇ ಒಳಗೆಳೆಯುತ್ತದೆ.

ವಿದ್ಯುತ್ತು

ಕೊಟ್ಟಿಗೆಯ ಬಲ್ಬಿಗೆಂದು ಎಳೆದ ತಂತಿಯಲ್ಲಿ ಗರಗಸ ನಡೆಸಬಾರದು. 1,200 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಐದು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಚಾಲೂ ಮಾಡುವ ಕ್ಷಣದಲ್ಲಿ ಇನ್ನೂ ಹೆಚ್ಚು. ಮೀಟರಿನ ಬಳಿಯಿಂದ 2.5 ಚದರ ಮಿ.ಮೀ. ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್, ತಕ್ಕ ಎಂ.ಸಿ.ಬಿ., 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಮತ್ತು ಸರಿಯಾದ ಅರ್ಥಿಂಗ್ ಇವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಈ ಖರ್ಚು ಉಪಕರಣದ ನೆರವಿನಲ್ಲಿ ಸೇರುವುದಿಲ್ಲವಾದ್ದರಿಂದ ಕುಟುಂಬ ಮೊದಲೇ ಹಣ ತೆಗೆದಿರಿಸಬೇಕಾಗುತ್ತದೆ. ವೋಲ್ಟೇಜ್ ಕುಸಿಯುವ ಸಂಜೆಯ ಹೊತ್ತಿನಲ್ಲಿ ಕೊಯ್ಯುವ ಕೆಲಸ ಬೇಡ. ವೇಗ ತಗ್ಗಿದ ಗರಗಸವನ್ನು ಕೆಲಸಗಾರರು ಬಲವಾಗಿ ತಳ್ಳುತ್ತಾರೆ, ಆಗಲೇ ಅದು ಹಿಂದಕ್ಕೆ ಜಿಗಿಯುವುದು.

ಗೃಹಜ್ಯೋತಿ ಸೌಲಭ್ಯ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ. ಮನೆಯ ಮೀಟರಿನಿಂದ ವೃತ್ತಿಯ ಯಂತ್ರ ನಡೆಸಿ ತಪಾಸಣೆಯಲ್ಲಿ ಸಿಕ್ಕಿಬಿದ್ದು ದಂಡ ತೆರುವ ಬದಲು, ಪ್ರತ್ಯೇಕ ಸಂಪರ್ಕದ ಬಗ್ಗೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಯಲ್ಲಿ ಆರಂಭದಲ್ಲಿಯೇ ವಿಚಾರಿಸುವಂತೆ ಸದಸ್ಯರು ತಿಳಿಸಬೇಕು. ಯಂತ್ರೋಪಕರಣ ಸ್ಥಾಪನೆಗೆ ಗ್ರಾಮ ಪಂಚಾಯಿತಿಯ ಅನುಮತಿ ಪಡೆಯುವ ಬಗ್ಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಉಪಬಂಧವಿದೆ. ಶಬ್ದ ಮತ್ತು ಧೂಳಿನ ಬಗ್ಗೆ ನೆರೆಯವರ ದೂರು ಬರುವುದು ಪಂಚಾಯಿತಿಗೇ ಆದುದರಿಂದ, ಯಂತ್ರ ನಡೆಸುವ ಹೊತ್ತನ್ನು ಮೊದಲೇ ಮಾತನಾಡಿ ಗೊತ್ತುಪಡಿಸಿದರೆ ಜಗಳ ತಪ್ಪುತ್ತದೆ.

ಮರ

ಹೊಸಬರು ಮೋಸ ಹೋಗುವುದು ಘನ ಅಡಿಯ ಲೆಕ್ಕದಲ್ಲಿ. ಅಗಲ ಮತ್ತು ದಪ್ಪವನ್ನು ಅಂಗುಲದಲ್ಲಿ, ಉದ್ದವನ್ನು ಅಡಿಯಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಬೇಕು. ಆರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಎಂಟು ಅಡಿ ಉದ್ದದ ಹಲಗೆ 48ನ್ನು 144ರಿಂದ ಭಾಗಿಸಿದಷ್ಟು, ಅಂದರೆ ಒಂದು ಘನ ಅಡಿಯ ಮೂರನೆಯ ಒಂದು ಪಾಲು.

ಹಸಿ ಮರ ಅಗ್ಗವೆಂದು ತಂದು ಮಳೆಗಾಲದಲ್ಲಿ ಬಾಗಿಲು ಮಾಡಿದರೆ ಬೇಸಿಗೆಯಲ್ಲಿ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಮರ ಉದ್ದಕ್ಕೆ ಅಷ್ಟಾಗಿ ಕುಗ್ಗದು, ಅಡ್ಡಕ್ಕೆ ಕುಗ್ಗುತ್ತದೆ. ಗಾಳಿಯಲ್ಲಿ ಒಣಗಲು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಬಯಲುಸೀಮೆಯಲ್ಲಿ ಇದಕ್ಕಿಂತ ಬೇಗ, ಮಲೆನಾಡಿನಲ್ಲಿ ತಡ. ಕಲಿಯುವ ಹಂತಕ್ಕೆ ಸಾಗುವಾನಿ ಬೇಡ. ಸಿಲ್ವರ್ ಓಕ್, ಅಕೇಶಿಯಾ, ಮಾವು, ಬೇವು, ಹಲಸು ಇವುಗಳಲ್ಲಿ ಸುತ್ತಮುತ್ತ ಸಿಗುವುದು ಸಾಕು.

ದಿಮ್ಮಿ ಸೀಳುವುದು ಮನೆಯ ಕಾರ್ಯಾಗಾರದ ಕೆಲಸವಲ್ಲ. ಅದು ಪರವಾನಗಿ ಇರುವ ಮರದ ಮಿಲ್ಲಿಗೆ ಸೇರಿದ್ದು. ಸೀಳಿದ ಮರವನ್ನೇ ಕೊಂಡು, ಪ್ರತಿ ಖರೀದಿಯ ರಸೀದಿಯನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಬೇಕು. ಸ್ವಂತ ಜಮೀನಿನ ಮರವಾದರೂ ಕಡಿಯುವ ಮತ್ತು ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಶ್ರೀಗಂಧ, ಬೀಟೆಗಳ ವಿಷಯದಲ್ಲಂತೂ ರಸೀದಿಯಿಲ್ಲದ ಒಂದು ತುಂಡೂ ಷೆಡ್ಡಿನಲ್ಲಿ ಇರಬಾರದು.

ಧೂಳು ಮತ್ತು ಬೆಂಕಿ

ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಪ್ರಕಟಿಸಿದೆ. ಮುಖಕ್ಕೆ ಟವಲು ಕಟ್ಟಿಕೊಳ್ಳುವುದರಿಂದ ಸೂಕ್ಷ್ಮ ಧೂಳು ನಿಲ್ಲದು; ಎನ್-95 ಮುಖಗವಸು ಬೇಕು. ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ಧೂಳು ಮಕ್ಕಳು ಮಲಗುವ ಕೋಣೆಗೂ ಹೋಗುತ್ತದೆಂಬುದನ್ನು ಮನೆಯವರಿಗೆ ತಿಳಿಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರಡಿ ಒಣಗಿಸಬೇಕು.

ಮೊದಲ ಕೆಲಸ

ಶಾಲೆಯ ಮುರಿದ ಡೆಸ್ಕು, ಅಂಗನವಾಡಿಯ ಕಿಟಕಿ ಬಾಗಿಲು, ಗ್ರಂಥಾಲಯದ ಕಪಾಟು ಇವುಗಳ ದುರಸ್ತಿ ಪ್ರತಿ ಪಂಚಾಯಿತಿಯಲ್ಲಿಯೂ ಇರುತ್ತದೆ. ಸಂಗ್ರಹಣೆಯ ನಿಯಮಗಳ ಮಿತಿಯೊಳಗೆ, ದರಪಟ್ಟಿ ಪಡೆದು, ಇವನ್ನು ಊರಿನ ಬಡಗಿಗೆ ವಹಿಸಲು ಸಾಧ್ಯವಿದ್ದಲ್ಲಿ ಪರಿಶೀಲಿಸಬಹುದು. ಕೆಲಸ ಪಡೆಯುವವರು ಸದಸ್ಯರ ಸಂಬಂಧಿಗಳಾಗಿದ್ದರೆ ಆ ಸದಸ್ಯರು ನಿರ್ಣಯದಿಂದ ದೂರವಿರಬೇಕು. ದುರಸ್ತಿ ಕೆಲಸಕ್ಕೆ ಮೇಲೆ ಹೇಳಿದ ಕೈ ಉಪಕರಣ, ಕ್ಲಾಂಪು ಮತ್ತು ಡ್ರಿಲ್ಲೇ ಸಾಕಾಗುತ್ತವೆ. ಮೊದಲ ಆರು ತಿಂಗಳ ಆದಾಯ ಮತ್ತು ಖರ್ಚನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವಂತೆ ಕುಟುಂಬಕ್ಕೆ ಸೂಚಿಸಬೇಕು. ಯಾವ ಯಂತ್ರಕ್ಕೆ ಎಷ್ಟು ಸಾಲ ಪಡೆಯಬಹುದೆಂಬುದನ್ನು ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬೇಕು.