ಒಂದೇ ಕಸುಬಿನ ಊರು: ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಲೆಕ್ಕ

ವ್ಯಾಪಾರ ಸಂಸ್ಥೆಯೊಂದರ ಆರೋಗ್ಯವನ್ನು ಅದರ ಲಾಭ-ನಷ್ಟ ತಖ್ತೆ ಮತ್ತು ಆಸ್ತಿ-ಹೊಣೆ ಪಟ್ಟಿಗಳಿಂದ ಅರಿಯುವುದು ವಾಡಿಕೆ. ಒಂದು ಸಣ್ಣ ಪಟ್ಟಣದ ಆರೋಗ್ಯವನ್ನೂ ಇದೇ ಕ್ರಮದಲ್ಲಿ ಅಳೆಯಲು ಸಾಧ್ಯವೇ? ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಇಂತಹ ಅಧ್ಯಯನಕ್ಕೆ ತಕ್ಕ ಊರುಗಳು. ಒಂದು ಎಣ್ಣೆಯಿಂದ, ಇನ್ನೊಂದು ರೇಷ್ಮೆ ಸೀರೆಯಿಂದ ಹೆಸರಾದದ್ದು. ಈ ಎರಡು ಊರುಗಳ ಅನುಭವದಿಂದ ವರ್ತಕ ಬಾಂಧವರು ಗ್ರಹಿಸಬೇಕಾದ ಕೆಲವು ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಊರು ಮತ್ತು ಜನ

2011ರ ಜನಗಣತಿಯ ವೇಳೆಗೆ ಚಳ್ಳಕೆರೆ ಪಟ್ಟಣದ ಜನಸಂಖ್ಯೆ ಸುಮಾರು 55 ಸಾವಿರ. ಮೊಳಕಾಲ್ಮೂರಿನದು 16 ಸಾವಿರಕ್ಕೆ ತುಸು ಕಡಿಮೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವೂ ಸೇರಿವೆ. ಮಳೆಯಾಶ್ರಿತ ಹೊಲದಲ್ಲಿ ಶೇಂಗಾ, ಹುಲ್ಲುಗಾವಲಿನಲ್ಲಿ ಕುರಿ, ಮನೆಯೊಳಗೆ ಮಗ್ಗ: ಇಲ್ಲಿಯ ಬದುಕು ಬಹುಕಾಲ ಈ ಮೂರನ್ನೇ ಆಧರಿಸಿತ್ತು. ಶೇಂಗಾದಿಂದ ಎಣ್ಣೆ ಗಿರಣಿಗಳು ಬಂದವು. ಕುರಿಯಿಂದ ಚಳ್ಳಕೆರೆಯ ಕಂಬಳಿ ಬಂತು. ಮಗ್ಗದಿಂದ ಮೊಳಕಾಲ್ಮೂರು ಸೀರೆ ಬಂತು.

ಈ ಪ್ರದೇಶ ಹೊರಜಗತ್ತಿಗೆ ಹೊಸತೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅವುಗಳಲ್ಲಿದೆ. ದೂರದ ಕೇಂದ್ರದ ತೀರ್ಮಾನ ಈ ಸೀಮೆಯ ಬದುಕನ್ನು ಮುಟ್ಟುವುದು ಅಂದಿನಿಂದಲೂ ನಡೆದುಬಂದಿದೆ.

ಎಣ್ಣೆಯ ಲೆಕ್ಕ

ಒಂದು ಕಾಲಕ್ಕೆ ಎಣ್ಣೆ ವ್ಯಾಪಾರದಲ್ಲಿ ಚಳ್ಳಕೆರೆಯನ್ನು ‘ಎರಡನೇ ಮುಂಬಯಿ’ ಎನ್ನುತ್ತಿದ್ದರು. ನಂತರದ ವರ್ಷಗಳಲ್ಲಿ ಅನೇಕ ಗಿರಣಿಗಳು ಬಾಗಿಲು ಹಾಕಿದವು. ಇದಕ್ಕೆ ಮಾಲೀಕರ ಅಸಡ್ಡೆಯೇ ಕಾರಣವೆಂದು ಹೇಳುವವರುಂಟು. ಆದರೆ ಲೆಕ್ಕ ಬೇರೆಯದನ್ನು ಹೇಳುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಿ. 100 ಕಿಲೋ ಶೇಂಗಾ ಬೀಜವನ್ನು ಕಿಲೋಗೆ 90 ರೂ.ನಂತೆ ಕೊಂಡರೆ 9,000 ರೂ. ವೆಚ್ಚ. ಎಕ್ಸ್‌ಪೆಲ್ಲರ್‌ನಲ್ಲಿ 42 ಕಿಲೋ ಎಣ್ಣೆ, 55 ಕಿಲೋ ಹಿಂಡಿ ದೊರೆತು 3 ಕಿಲೋ ನಷ್ಟವಾಯಿತೆಂದು ಇಟ್ಟುಕೊಳ್ಳೋಣ. ಎಣ್ಣೆ 180 ರೂ.ನಂತೆ 7,560 ರೂ., ಹಿಂಡಿ 40 ರೂ.ನಂತೆ 2,200 ರೂ., ಒಟ್ಟು 9,760 ರೂ. ವಿದ್ಯುತ್, ಕೂಲಿ, ಬಡ್ಡಿ, ದುರಸ್ತಿ ಇತ್ಯಾದಿ 500 ರೂ. ಕಳೆದರೆ ಉಳಿಯುವುದು 260 ರೂ. ಮಾತ್ರ.

ಇಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

1. ಒಟ್ಟು ವೆಚ್ಚದಲ್ಲಿ ಕಚ್ಚಾ ಮಾಲಿನ ಪಾಲು ಸುಮಾರು ಶೇ. 95. ಗಿರಣಿಯವರು ಎಷ್ಟೇ ಮಿತವ್ಯಯ ಮಾಡಿದರೂ ಅವರ ಕೈಯಲ್ಲಿರುವುದು ಉಳಿದ ಶೇ. 5 ಮಾತ್ರ.

2. ಎಣ್ಣೆಯ ದರ ಕಿಲೋಗೆ 7 ರೂ., ಎಂದರೆ ಶೇ. 4ಕ್ಕೂ ಕಡಿಮೆ ಇಳಿದರೆ 294 ರೂ. ಹೋಗಿ, ಲಾಭವು 34 ರೂ. ನಷ್ಟವಾಗಿ ತಿರುಗುತ್ತದೆ.

3. ಮೇಲಿನ 500 ರೂ.ಗಳಲ್ಲಿ 200 ರೂ. ಸ್ಥಿರ ವೆಚ್ಚವೆನ್ನೋಣ. ಮಳೆ ಕೈಕೊಟ್ಟು ಮಾಲು ಅರ್ಧಕ್ಕಿಳಿದರೆ ಅದೇ ವೆಚ್ಚ ಕ್ವಿಂಟಾಲಿಗೆ 400 ರೂ. ಆಗುತ್ತದೆ, ಲಾಭ 60 ರೂ.ಗೆ ಕುಸಿಯುತ್ತದೆ.

ಈಗ ಹೊರಗಿನ ಸ್ಥಿತಿಯನ್ನು ನೋಡೋಣ. 1994ರಲ್ಲಿ ಪಾಮೋಲಿನ್ ಆಮದನ್ನು ಮುಕ್ತ ಪರವಾನಗಿಗೆ ತರಲಾಯಿತು. ಮರುವರ್ಷ ಇತರ ಎಣ್ಣೆಗಳಿಗೂ ಬಾಗಿಲು ತೆರೆಯಿತು. ಇಂದು ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಿನಿಂದಲೇ ಬರುತ್ತದೆ. 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ತಡೆದು, ಮೇ ತಿಂಗಳಲ್ಲಿ ತೆರವುಗೊಳಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಶೂನ್ಯದಿಂದ ಶೇ. 20ಕ್ಕೆ ಏರಿಸಿ, 2025ರ ಮೇ ಅಂತ್ಯದಲ್ಲಿ ಶೇ. 10ಕ್ಕೆ ಇಳಿಸಿತು. ಶೇ. 4ರ ಏರಿಳಿತವನ್ನು ತಾಳಲಾರದ ಗಿರಣಿಗೆ ಇವು ಎಂತಹ ಅಲೆಗಳೆಂಬುದನ್ನು ಓದುಗರೇ ಊಹಿಸಬಹುದು.

ಇದರ ಮೇಲೆ ಎರಡು ಕಾನೂನು ಬದಲಾವಣೆಗಳಾದವು. ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿದ್ದ ವಸ್ತುಗಳ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದ 20 ವಸ್ತುಗಳಲ್ಲಿ ಶೇಂಗಾ ಎಣ್ಣೆಯೂ ಒಂದು. 2015ರ ಏಪ್ರಿಲ್‌ನಲ್ಲಿ ಆ ಮೀಸಲಾತಿ ರದ್ದಾಯಿತು. ಎರಡನೆಯದಾಗಿ, ಎಣ್ಣೆಗೆ ಜಿಎಸ್‌ಟಿ ಶೇ. 5 ಇದ್ದರೆ, ಪ್ಲಾಸ್ಟಿಕ್ ಪ್ಯಾಕಿಂಗ್ ಸಾಮಗ್ರಿಗೆ ಶೇ. 18. ಈ ವ್ಯತ್ಯಾಸದಿಂದ ಬಳಕೆಯಾಗದೆ ಉಳಿದ ಹೂಡುವಳಿ ತೆರಿಗೆಯ ಮರುಪಾವತಿಯನ್ನು ಖಾದ್ಯ ತೈಲಗಳಿಗೆ 2022ರ ಜುಲೈ 18ರಿಂದ ನಿಲ್ಲಿಸಲಾಯಿತು. ಆದ್ದರಿಂದ ಪೊಟ್ಟಣದ ಎಣ್ಣೆಗೆ ದರ ಕಟ್ಟುವಾಗ ಈ ತೆರಿಗೆಯನ್ನು ವೆಚ್ಚವೆಂದೇ ಪರಿಗಣಿಸತಕ್ಕದ್ದು.

ಸೀರೆಯ ಲೆಕ್ಕ

ಮೊಳಕಾಲ್ಮೂರಿನ ನೇಕಾರರ ಸಮಸ್ಯೆಯ ಸ್ವರೂಪ ಬೇರೆ. ಅಲ್ಲಿ ಕುಶಲತೆಗೆ ಕೊರತೆಯಿಲ್ಲ, ಹೆಸರಿಗೂ ಕೊರತೆಯಿಲ್ಲ. ಕೊರತೆ ಇರುವುದು ದುಡಿಯುವ ಬಂಡವಾಳಕ್ಕೆ. ಇದನ್ನೂ ಕಾಲ್ಪನಿಕ ಅಂಕಿಗಳಿಂದ ತಿಳಿಯೋಣ. ಒಂದು ಸೀರೆಗೆ ರೇಷ್ಮೆ ಮತ್ತು ಜರಿ 6,000 ರೂ., ಮನೆಮಂದಿಯ ಕೂಲಿ 4,000 ರೂ., ಮೇಲೆ 500 ರೂ. ಲಾಭವಿಟ್ಟು 10,500 ರೂ.ಗೆ ಮಾರಿದರೆಂದುಕೊಳ್ಳಿ. ಅಂಗಡಿಯವರು 90 ದಿನಗಳ ನಂತರ ಹಣ ಕೊಟ್ಟರೆ, 10,000 ರೂ.ಗಳ ಮೇಲೆ ಶೇ. 18ರಂತೆ ಬಡ್ಡಿ ಸುಮಾರು 444 ರೂ. ಲಾಭದಲ್ಲಿ ಉಳಿಯುವುದು 56 ರೂ. ನೇಕಾರರು ಇಲ್ಲಿ ಸೀರೆ ಮಾರಿದ್ದಲ್ಲದೆ, ಅಂಗಡಿಯವರಿಗೆ ಸಾಲವನ್ನೂ ಕೊಟ್ಟಂತಾಯಿತು.

ಇದಕ್ಕೆ ಕಾನೂನಿನಲ್ಲಿ ಪರಿಹಾರವಿದೆ. 2006ರ ಎಂಎಸ್‌ಎಂಇ ಅಧಿನಿಯಮದ 15ನೇ ಪ್ರಕರಣದಂತೆ, ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಸಣ್ಣ ಉತ್ಪಾದಕರಿಗೆ ಹಣ ಪಾವತಿಸಬೇಕು. ತಪ್ಪಿದರೆ 16ನೇ ಪ್ರಕರಣದಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಉದ್ಯಮ್ ನೋಂದಣಿ ಮತ್ತು ದಿನಾಂಕ ನಮೂದಿಸಿದ ಬಿಲ್ಲು ಇಲ್ಲದೆ ಈ ಹಕ್ಕನ್ನು ಸಾಧಿಸುವುದು ಕಷ್ಟ. ಬಾಯಿಮಾತಿನ ವ್ಯವಹಾರ ವಿಶ್ವಾಸದ ಗುರುತು ನಿಜ. ಆದರೆ ವಿಶ್ವಾಸಕ್ಕೆ ಒಂದು ಚೀಟಿ ಅಡ್ಡಿಯಾಗದು.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆಯಿತು. 1985ರ ಕೈಮಗ್ಗ ಮೀಸಲಾತಿ ಅಧಿನಿಯಮದ ರಕ್ಷಣೆಯೂ ಇದೆ. ಆದರೆ ಸೂಚಿಕೆಯು ಊರಿಗೆ ದೊರೆತ ಮಾತ್ರಕ್ಕೆ ಪ್ರತಿ ನೇಕಾರರಿಗೂ ದೊರೆತಂತಲ್ಲ. ಅವರು ಪ್ರತ್ಯೇಕವಾಗಿ ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬೇಕು. ಬಳಸದ ಹೆಸರು ಪಟ್ಟಿಯಲ್ಲಿದ್ದೂ ಫಲ ಕೊಡದ ಆಸ್ತಿಯಂತೆ.

ಹೊಸ ಬಂಡವಾಳ, ಹಳೆಯ ಕಾವಲು

ಚಳ್ಳಕೆರೆಯ ಸುತ್ತಲಿನ ಅಮೃತ ಮಹಲ್ ಕಾವಲು ಭೂಮಿಯಲ್ಲಿ ದೊಡ್ಡ ಸಂಸ್ಥೆಗಳು ನೆಲೆಗೊಂಡಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಗೊಂಡಿತು. ಇದು ದೇಶಕ್ಕೆ ಹೆಮ್ಮೆಯ ಸಂಗತಿ. ಆದರೆ ಆ ಕಾವಲು ಕುರಿಗಾಹಿಗಳಿಗೂ ಕಂಬಳಿ ನೇಯುವವರಿಗೂ ಖಾತೆಯಲ್ಲಿ ಬರೆಯದ ಬಂಡವಾಳವಾಗಿತ್ತು. ಒಂದು ಬದಿಯಲ್ಲಿ ಆಸ್ತಿ ಸೇರಿದಾಗ ಇನ್ನೊಂದು ಬದಿಯಲ್ಲಿ ಕಳೆದದ್ದನ್ನೂ ಬರೆಯುವುದೇ ಜೋಡಿ ನಮೂದು ಪದ್ಧತಿಯ ಧರ್ಮ.

ಅಮೆರಿಕದ ಸಣ್ಣ ನಗರಗಳ ಆಡಳಿತಕ್ಕೆ ಸ್ಥಳೀಯ ಆಸ್ತಿ ತೆರಿಗೆಯು ಮುಖ್ಯ ಆದಾಯ. ಅಲ್ಲಿ ದೊಡ್ಡ ಕಾರ್ಖಾನೆ ಮುಚ್ಚಿದರೆ ಅದರ ಪೆಟ್ಟು ನಗರಾಡಳಿತದ ಆಯವ್ಯಯದಲ್ಲಿಯೇ ಕಾಣುತ್ತದೆ. ನಮ್ಮಲ್ಲಿ ನಗರಾಡಳಿತ ಬಹುಪಾಲು ಸರ್ಕಾರದ ಅನುದಾನದಿಂದ ನಡೆಯುವುದರಿಂದ ಗಿರಣಿ ಮುಚ್ಚಿದ್ದು ಪುರಸಭೆ, ನಗರಸಭೆಗಳ ಪುಸ್ತಕದಲ್ಲಿ ಎದ್ದು ಕಾಣದು. ಅದು ಕಾಣುವುದು ಹಮಾಲರ ಮನೆಯಲ್ಲಿ, ಗೋಣಿಚೀಲ ಹೊಲಿಯುವವರ ಕೂಲಿಯಲ್ಲಿ, ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ.

ಉಪಸಂಹಾರ

ಈ ಅಧ್ಯಯನದಿಂದ ವರ್ತಕರು ಗಮನಿಸಬೇಕಾದುದು ಇಷ್ಟು: ಕಚ್ಚಾ ಮಾಲಿನ ಪಾಲು ಹೆಚ್ಚಿರುವ ವ್ಯವಹಾರದಲ್ಲಿ ದರದ ಏರಿಳಿತಕ್ಕಾಗಿ ಸುಗ್ಗಿಯ ಲಾಭದಿಂದಲೇ ನಿಧಿ ತೆಗೆದಿಡಬೇಕು, ಸಾಲದ ಮಾರಾಟದಲ್ಲಿ ಬಡ್ಡಿಯನ್ನು ವೆಚ್ಚಕ್ಕೆ ಸೇರಿಸಿಯೇ ದರ ಹೇಳಬೇಕು, ನೋಂದಣಿ ಮತ್ತು ಬಿಲ್ಲುಗಳನ್ನು ಅಲಕ್ಷಿಸಬಾರದು, ನೇಕಾರರಿಂದ ಕೊಳ್ಳುವ ನಮ್ಮ ಸದಸ್ಯರು 45 ದಿನಗಳ ಮಿತಿಯನ್ನು ತಾವೇ ಮೊದಲು ಪಾಲಿಸಬೇಕು. ನೇಕಾರರ ಮಗ್ಗ ನಿಂತ ಊರಿನಲ್ಲಿ ಅಂಗಡಿಯ ಗಿರಾಕಿಯೂ ಉಳಿಯುವುದಿಲ್ಲ ಎಂಬುದನ್ನು ಎಲ್ಲರೂ ಮನಗಾಣುವುದು ಅಗತ್ಯ.